ಗರ್ಭಕಂಠದ ಕ್ಯಾನ್ಸರ್: ಕಲಿತದ್ದು ಯಾರ ಮೈಮೇಲೆ, ಉಳಿದದ್ದು ಯಾರ ಜೀವ?



ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಗಂಡಸರಂತೂ "ಇದು ಹೆಂಗಸರ ವಿಷಯ" ಅಂತ ಮುಂದಕ್ಕೆ ತಳ್ಳಬೇಡಿ. ಈ ಕಾಯಿಲೆ ತರುವ ವೈರಸ್ಸನ್ನು ಹೆಚ್ಚಾಗಿ ಹೊತ್ತು ತರುವವರು ನೀವೇ.

ನಮ್ಮ ಸಂಘಟನೆಗಳ ವಾಟ್ಸಾಪ್ ಗ್ರೂಪುಗಳಲ್ಲಿ ಎಚ್‌ಪಿವಿ ಲಸಿಕೆ ಮಾತು ಎದ್ದಾಗಲೆಲ್ಲ ಒಂದು ಮೆಸೇಜು ತಿರುಗಿ ತಿರುಗಿ ಬರುತ್ತೆ. ಆಂಧ್ರದಲ್ಲಿ ಈ ಲಸಿಕೆ ಹಾಕಿಸಿಕೊಂಡ ಆದಿವಾಸಿ ಹೆಣ್ಣುಮಕ್ಕಳು ಸತ್ತರು, ಈಗ ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡೋಕೆ ಬಂದಿದ್ದಾರೆ, ಹಾಕಿಸಬೇಡಿ ಅಂತ. ಅದಕ್ಕೆ ಯಾರಾದರೂ ಡಾಕ್ಟರ್ ಸ್ನೇಹಿತರು "ಇದೆಲ್ಲ ಓದುಬರಹ ಇಲ್ಲದವರ ಭಯ" ಅಂತ ಉತ್ತರ ಕೊಡ್ತಾರೆ. ಅಲ್ಲಿಗೆ ಜಗಳ ಶುರು. ನನ್ನ ಪ್ರಕಾರ ಇಬ್ಬರ ಕೈಯಲ್ಲೂ ಇರೋದು ಅರ್ಧ ಕಥೆ. ನಮ್ಮ ಜನರ ಅನುಮಾನಕ್ಕೆ ಗಟ್ಟಿ ಚರಿತ್ರೆ ಇದೆ. ಆದರೆ ಅದೇ ಚರಿತ್ರೆಯನ್ನು ಪೂರ್ತಿ ಓದಿದರೆ, ಲಸಿಕೆಯನ್ನೂ ತಪಾಸಣೆಯನ್ನೂ ನಾವು ಬೇಡ ಅನ್ನುವಂತಿಲ್ಲ, ಹಕ್ಕು ಅಂತ ಕೇಳಬೇಕಾಗುತ್ತೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಉಪಕರಣದಿಂದ ಶುರು ಮಾಡೋಣ. ಹೆಂಗಸರ ವಿಭಾಗದಲ್ಲಿ ಡಾಕ್ಟರು ಒಳಗಡೆ ನೋಡೋಕೆ ಬಳಸುವ ಸ್ಪೆಕ್ಯುಲಮ್‌ನಲ್ಲಿ ಒಂದು ಬಗೆಗೆ ಇವತ್ತಿಗೂ ಸಿಮ್ಸ್ ಸ್ಪೆಕ್ಯುಲಮ್ ಅಂತಲೇ ಹೆಸರು. ಈ ಸಿಮ್ಸ್ ಯಾರು? ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರಿನ ವೈದ್ಯ, ಜೇಮ್ಸ್ ಮರಿಯನ್ ಸಿಮ್ಸ್. 1845ರಿಂದ 1849ರವರೆಗೆ ಅವನು ಗುಲಾಮ ಹೆಣ್ಣುಮಕ್ಕಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಹೆರಿಗೆ ಕಷ್ಟವಾಗಿ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದು, ಹಗಲೂ ರಾತ್ರಿ ಮೂತ್ರ ಸೋರುತ್ತಿದ್ದ ಹೆಂಗಸರು ಅವರು. ಮೂವರ ಹೆಸರಷ್ಟೇ ಉಳಿದಿದೆ: ಅನಾರ್ಕಾ, ಲೂಸಿ, ಬೆಟ್ಸಿ. ಅನಾರ್ಕಾ ಒಬ್ಬಳ ಮೈಮೇಲೇ ಸುಮಾರು 30 ಸಲ ಕತ್ತರಿ ಆಡಿಸಿದ, ಅರಿವಳಿಕೆ ಇಲ್ಲದೆ. ಒಪ್ಪಿಗೆ ಕೊಟ್ಟವನು ಅವಳ ಒಡೆಯ. ಸಿಮ್ಸ್‌ನನ್ನು "ಆಧುನಿಕ ಸ್ತ್ರೀರೋಗ ಶಾಸ್ತ್ರದ ಪಿತಾಮಹ" ಅಂತ ಪಠ್ಯಗಳು ಹೊಗಳಿದವು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಅವನ ಪ್ರತಿಮೆಯನ್ನು ಕರಿಯರ ಹೋರಾಟದ ಒತ್ತಾಯಕ್ಕೆ ಮಣಿದು ತೆಗೆದದ್ದು 2018ರಲ್ಲಿ. ಆ ಮೂವರು ತಾಯಂದಿರ ಸ್ಮಾರಕ ಮಾಂಟ್ಗೊಮರಿಯಲ್ಲಿ ಎದ್ದು ನಿಂತದ್ದು 2021ರಲ್ಲಿ.

ಸ್ಪೆಕ್ಯುಲಮ್ಮಿನ ಕಥೆ ಅಮೆರಿಕಕ್ಕೆ ಮುಗಿಯಲ್ಲ. ಬ್ರಿಟಿಷ್ ಸರ್ಕಾರ ತನ್ನ ಸಿಪಾಯಿಗಳಿಗೆ ಗುಹ್ಯರೋಗ ತಗುಲಬಾರದು ಅಂತ 1868ರಲ್ಲಿ ಇಂಡಿಯಾದಲ್ಲಿ ಒಂದು ಕಾಯ್ದೆ ತಂತು. ದಂಡಿನ ಊರುಗಳಲ್ಲಿ ಮೈ ಮಾರಿ ಬದುಕುವ ಹೆಂಗಸರು ಹೆಸರು ನೋಂದಾಯಿಸಬೇಕು, ಗೊತ್ತಾದ ದಿನ ಬಂದು ಕಾಲಗಲಿಸಿ ತಪಾಸಣೆಗೆ ಮಲಗಬೇಕು, ರೋಗ ಕಂಡರೆ ಲಾಕ್ ಹಾಸ್ಪಿಟಲ್ ಅನ್ನೋ ಆಸ್ಪತ್ರೆಯಲ್ಲಿ ಕೂಡಿಹಾಕ್ತಾರೆ, ತಪ್ಪಿಸಿಕೊಂಡರೆ ಶಿಕ್ಷೆ. ಬೆಂಗಳೂರು ದಂಡಿನಲ್ಲೂ ಅಂಥ ಆಸ್ಪತ್ರೆ ಇತ್ತು. ಕಾಯ್ದೆ ಹಿಡಿದು ಎಳೆದದ್ದು ಹೆಂಗಸರನ್ನು ಮಾತ್ರ. ಸಿಪಾಯಿ ಆರಾಮಾಗಿದ್ದ. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಅಂಥವರ ಚಳವಳಿ ಬೆಳೆದ ಮೇಲೆ 1888ರಲ್ಲಿ ಇಂಡಿಯಾದ ಈ ಕಾಯ್ದೆ ರದ್ದಾಯ್ತು. ಆದರೆ ಆ ಕಣ್ಣು ರದ್ದಾಗಲಿಲ್ಲ. ಬಡ ಹೆಣ್ಣಿನ ಮೈಯನ್ನು ರೋಗದ ಗೂಡು ಅಂತ ನೋಡುವ ಕಣ್ಣು ಅದು. ದೇವರಿಗೆ ಬಿಟ್ಟ ನಮ್ಮ ಹೆಣ್ಣುಮಕ್ಕಳನ್ನು ಕರ್ನಾಟಕದ ಕಾನೂನು ರಕ್ಷಿಸಲು ಹೊರಟದ್ದು 1982ರಲ್ಲಿ. ಏಡ್ಸ್ ಕಾಲ ಬಂದಾಗ ಅವರನ್ನೇ "ರೋಗ ಹಬ್ಬಿಸುವವರು" ಅಂತ ಬೊಟ್ಟು ಮಾಡಿದರು.

ಇನ್ನು 1951. ಬಾಲ್ಟಿಮೋರ್ ಊರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕರಿಯರ ವಾರ್ಡು. ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ 31 ವರ್ಷದ ತಾಯಿ, ಐದು ಮಕ್ಕಳು, ತಂಬಾಕು ಹೊಲದಲ್ಲಿ ದುಡಿದ ಮನೆತನ. ಗರ್ಭಕಂಠದ ಕ್ಯಾನ್ಸರ್ ಅಂತ ಸೇರಿಸಿದರು. ಅವಳ ಗಡ್ಡೆಯ ಚೂರನ್ನು ಅವಳನ್ನು ಕೇಳದೆ, ಅವಳಿಗೆ ಹೇಳದೆ ಕತ್ತರಿಸಿ ಪ್ರಯೋಗಾಲಯಕ್ಕೆ ಕೊಟ್ಟರು. ಆ ಜೀವಕೋಶಗಳು ಸಾಯಲಿಲ್ಲ, ಬೆಳೆಯುತ್ತಲೇ ಹೋದವು. ಅವಕ್ಕೆ "ಹೀಲಾ" ಅಂತ ಹೆಸರಿಟ್ಟರು. ಪೋಲಿಯೋ ಲಸಿಕೆಯ ಪರೀಕ್ಷೆ ಅದರಿಂದ ಸಾಧ್ಯವಾಯ್ತು. ಕಂಪನಿಗಳು ಅದನ್ನು ಮಾರಿ ದುಡ್ಡು ಮಾಡಿದವು. ಹೆನ್ರಿಯೆಟಾ ಅದೇ ವರ್ಷದ ಅಕ್ಟೋಬರ್ 4ರಂದು ತೀರಿಹೋದಳು. ಮನೆಯವರಿಗೆ ಸಂಗತಿ ತಿಳಿಯೋಕೆ 20 ವರ್ಷಕ್ಕೂ ಹೆಚ್ಚು ಕಾಲ ಹಿಡೀತು. ಒಂದು ಕಂಪನಿ ಅವಳ ಕುಟುಂಬದ ಜೊತೆ ರಾಜಿಗೆ ಬಂದದ್ದು 2023ರಲ್ಲಿ.

ಈಗ ನೋಡಿ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ 1980ರ ದಶಕದ ಮೊದಲಲ್ಲಿ ಎಚ್‌ಪಿವಿ ಅನ್ನೋ ವೈರಸ್ಸಿನ 16 ಮತ್ತು 18ನೇ ತಳಿಗಳೇ ಈ ಕ್ಯಾನ್ಸರಿನ ಮುಖ್ಯ ಕಾರಣ ಅಂತ ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಹೆನ್ರಿಯೆಟಾಳ ಜೀವಕೋಶಗಳೊಳಗೆ ಹುಡುಕಿದಾಗ ಸಿಕ್ಕಿದ್ದು ಅದೇ 18ನೇ ತಳಿ. 2006ರಲ್ಲಿ ಮಾರುಕಟ್ಟೆಗೆ ಬಂದ ಲಸಿಕೆ ಈ ತಿಳಿವಳಿಕೆಯ ಮೇಲೇ ನಿಂತಿದೆ. ಹಾಗಾಗಿ ಯಾರಾದರೂ ಈ ಲಸಿಕೆ "ಬಿಳಿಯರ ಕಂಪನಿಯದ್ದು" ಅಂದರೆ ನಾನು ಒಪ್ಪಲ್ಲ. ಕಂಪನಿ ಅವರದು, ಸರಿ. ಅದರೊಳಗಿನ ಜ್ಞಾನದಲ್ಲಿ ನಮ್ಮಂಥವರ ರಕ್ತಮಾಂಸದ ಪಾಲಿದೆ.

ಕೇರಿಗಳಲ್ಲಿ, ಸ್ವಸಹಾಯ ಸಂಘಗಳ ಸಭೆಗಳಲ್ಲಿ ನಾನು ಈ ವಿಷಯ ಎತ್ತಿದಾಗ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಗಂಡನ್ನ ಬಿಟ್ಟು ಇನ್ನೊಬ್ಬರ ಮುಖ ನೋಡ್ದೋಳಲ್ಲ ನಾನು, ನಂಗ್ಯಾಕವ್ವಾ ಬರ್ತದೆ ಅದು?" ಈ ಪ್ರಶ್ನೆಗೂ ಚರಿತ್ರೆ ಇದೆ. 1842ರಲ್ಲಿ ಇಟಲಿಯ ರಿಗೋನಿ ಸ್ಟರ್ನ್ ಅನ್ನೋ ವೈದ್ಯ ವೆರೋನಾ ಊರಿನ ಸಾವಿನ ದಾಖಲೆ ಜಾಲಾಡಿ, ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ತೀರಾ ಕಡಿಮೆ ಅಂತ ಗುರುತಿಸಿದ. ಗಮನಿಸಿದ್ದು ಸರಿಯಾಗೇ ಇತ್ತು. ಆದರೆ ಮುಂದಿನ ನೂರು ವರ್ಷ ವೈದ್ಯಲೋಕ ಅದನ್ನು ಹೆಣ್ಣಿನ ನಡತೆಗೆ ಗಂಟು ಹಾಕಿತು. ಕೊಳಕು, ಚಾರಿತ್ರ್ಯ, "ಕೆಳವರ್ಗದ ಅಭ್ಯಾಸ" ಅಂತೆಲ್ಲ ಬರೆದರು. ನಿಜ ಸಂಗತಿ ಇಷ್ಟೇ: ಲೈಂಗಿಕ ಸಂಬಂಧ ಇರುವ ಗಂಡು ಹೆಣ್ಣುಗಳಲ್ಲಿ ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗುಲುತ್ತೆ. ಹೆಚ್ಚಿನವರಲ್ಲಿ ತಾನಾಗೇ ಹೋಗಿಬಿಡುತ್ತೆ. ಕೆಲವರಲ್ಲಿ ಮಾತ್ರ ಬೇರೂರಿ, 15-20 ವರ್ಷ ತೆಗೆದುಕೊಂಡು ಕ್ಯಾನ್ಸರ್ ಆಗುತ್ತೆ. ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಬರುತ್ತೆ, ಯಾಕಂದ್ರೆ ಗಂಡನಿಗೆ ಎಲ್ಲಿಂದಲೋ ಬಂದಿರುತ್ತೆ. ಎಚ್‌ಐವಿ ಇರುವ ಹೆಣ್ಣಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು. ಇದರಲ್ಲಿ ನಡತೆಯ ಮಾತೆಲ್ಲಿ ಬಂತು?

ಆ ನಾಚಿಕೆಯೇ ನಮ್ಮವರನ್ನು ಕೊಲ್ತಿರೋದು. ಬಿಳಿ ಹೋಗುತ್ತೆ, ವಾಸನೆ ಬರುತ್ತೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತೆ, ಮುಟ್ಟು ನಿಂತು ವರ್ಷಗಳಾದ ಮೇಲೂ ಮತ್ತೆ ಕಾಣುತ್ತೆ. ಇದನ್ನ ಯಾರ ಹತ್ರ ಹೇಳೋದು? ಹೇಳಿದರೂ ನಮ್ಮ ಹೆಂಗಸರನ್ನು ಮುಟ್ಟಿ ನೋಡದೆ, ಮೇಜಿನಾಚೆಯಿಂದಲೇ ಮಾತ್ರೆ ಬರೆದು ಕಳಿಸುವ ಡಾಕ್ಟರು ಇನ್ನೂ ಇದ್ದಾರೆ. ಒಂದು ದಿನದ ಕೂಲಿ ಬಿಟ್ಟು ಹೋದದ್ದಕ್ಕೆ ಅಷ್ಟೇ ಫಲ. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಕೈಮೀರಿರುತ್ತೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80,000 ಮಂದಿ ಸತ್ತರು. ತಡೆಯಲು ದಾರಿ ಗೊತ್ತಿರುವ ಕ್ಯಾನ್ಸರ್ ಇದು, ನೆನಪಿಡಿ.

ದಾರಿ ಎಂದಿನಿಂದ ಗೊತ್ತು? 1941ರಿಂದ. ಗ್ರೀಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜಾರ್ಜ್ ಪಾಪನಿಕೊಲಾವ್ ಯೋನಿಯಿಂದ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಕ್ಯಾನ್ಸರನ್ನು ಬೇಗನೆ ಪತ್ತೆ ಮಾಡಬಹುದು ಅಂತ ಆ ವರ್ಷ ಪ್ರಕಟಿಸಿದ. ಅದೇ ಪ್ಯಾಪ್ ಪರೀಕ್ಷೆ. ಶ್ರೀಮಂತ ದೇಶಗಳು ಅದನ್ನು ಊರೂರಿಗೆ ಒಯ್ದು ಸಾವು ಇಳಿಸಿಕೊಂಡವು. ನಮ್ಮಲ್ಲಿ?

ನಮ್ಮಲ್ಲಿ ಆದದ್ದು ಇದು. 1970ರ ದಶಕದಲ್ಲಿ ಶುರುವಾಗಿ 80ರ ದಶಕಕ್ಕೂ ಚಾಚಿಕೊಂಡ ಒಂದು ಸಂಶೋಧನೆಯಲ್ಲಿ, ದೆಹಲಿಯ ಐಸಿಎಂಆರ್ ಸಂಸ್ಥೆಯೊಂದು ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡುಬಂದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತಾ ಹೋಯ್ತು. ಎಷ್ಟು ಜನರಿಗೆ, ಎಷ್ಟು ದಿನಕ್ಕೆ ಕ್ಯಾನ್ಸರ್ ಆಗುತ್ತೆ ಅಂತ ತಿಳಿಯೋಕೆ. ಲಿಖಿತ ಒಪ್ಪಿಗೆ ಇರಲಿಲ್ಲ. ಹಲವರಿಗೆ ಕ್ಯಾನ್ಸರ್ ಆಯ್ತು. 1997ರಲ್ಲಿ ಒಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬರೆದಾಗಲೇ ಹೊರಜಗತ್ತಿಗೆ ಇದು ಗೊತ್ತಾಗಿದ್ದು. ಹೆಚ್ಚುಕಡಿಮೆ ಇಂಥದ್ದೇ ಕೆಲಸ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲೂ ನಡೆದಿತ್ತು. ಅದು 1987ರಲ್ಲಿ ಬಯಲಾದ ಕೂಡಲೇ ಅಲ್ಲಿನ ಸರ್ಕಾರ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರಿಂದ ಬಹಿರಂಗ ವಿಚಾರಣೆ ಮಾಡಿಸಿತು. ರೋಗಿಗಳ ಹಕ್ಕಿನ ಕಾನೂನು ಅದರಿಂದ ಹುಟ್ಟಿತು. ನಮ್ಮ ಹೆಂಗಸರಿಗೆ ಅಂಥ ವಿಚಾರಣೆಯ ಭಾಗ್ಯ ಬರಲಿಲ್ಲ.

ಆಮೇಲೆ ಮೂರು ದೊಡ್ಡ ಪ್ರಯೋಗಗಳು ನಡೆದವು. ಮುಂಬೈ ಸ್ಲಮ್ಮುಗಳು, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ), ತಮಿಳುನಾಡಿನ ದಿಂಡಿಗಲ್. ಸ್ಲಮ್ಮಿನಲ್ಲಿ, ಬರದ ಸೀಮೆಯ ಹಳ್ಳಿಗಳಲ್ಲಿ ಯಾರು ಇರ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಂದು ಗುಂಪಿಗೆ ತಪಾಸಣೆ, ಇನ್ನೊಂದು ಗುಂಪಿಗೆ ಇಲ್ಲ. ಇಲ್ಲದವರಿಗೆ ತಿಳಿವಳಿಕೆಯ ಮಾತು ಹೇಳಿ, ಮುಂದೆ ಎಷ್ಟು ಜನ ಸಾಯ್ತಾರೆ ಅಂತ ಲೆಕ್ಕ ಇಟ್ಟರು. ಮೂರೂ ಕಡೆ ಸೇರಿ ತಪಾಸಣೆ ಸಿಗದ ಹೆಂಗಸರು 1,38,624. ಅವರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 254. ಈ ಲೆಕ್ಕ ಮುಂದಿಟ್ಟು, ಕೆಲಸ ಮಾಡುತ್ತೆ ಅಂತ ಗೊತ್ತಿದ್ದ ತಪಾಸಣೆಯನ್ನು ಯಾಕೆ ತಡೆದಿರಿ ಅಂತ ಜೋರಾಗಿ ಕೇಳಿದವರು ಎರಿಕ್ ಸುಬಾ ಅನ್ನೋ ಅಮೆರಿಕದ ವೈದ್ಯ. ಸಂಶೋಧಕರ ಉತ್ತರ: ಭಾರತದಲ್ಲಿ ಬಡ ಹೆಂಗಸರಿಗೆ ಸಾಮಾನ್ಯವಾಗಿ ಸಿಗುವ ಸೇವೆಯೇ "ಏನೂ ಇಲ್ಲ", ನಾವು ಅದನ್ನೇ ಕೊಟ್ಟೆವು. ಈ ಉತ್ತರವನ್ನ ಇನ್ನೊಮ್ಮೆ ಓದಿ. ಶತಮಾನಗಳಿಂದ ನಮಗೆ ಏನೂ ಕೊಡದೆ ಇರೋದೇ, ಇನ್ನೂ ಏನೂ ಕೊಡದಿರೋದಕ್ಕೆ ಸಮರ್ಥನೆ ಆಗಿಬಿಡ್ತು.

ಆದರೂ ಆ ಪ್ರಯೋಗಗಳು ಒಂದು ಸತ್ಯ ಹೊರಹಾಕಿದವು. ಉಸ್ಮಾನಾಬಾದಿನಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದಕ್ಕೆ ಸಾವು ಸುಮಾರು ಅರ್ಧಕ್ಕೆ ಇಳೀತು. ಮುಂಬೈಯಲ್ಲಿ ವಿನೆಗರ್ ಹಚ್ಚಿ ಬರಿಗಣ್ಣಲ್ಲಿ ನೋಡುವ ಪರೀಕ್ಷೆಯಿಂದ ಸಾವು 31% ಇಳೀತು. ಗರ್ಭಕಂಠಕ್ಕೆ ವಿನೆಗರ್ ಸವರಿದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತೆ. ಪ್ರಯೋಗಾಲಯ ಬೇಡ, ದೊಡ್ಡ ಡಾಕ್ಟರೂ ಬೇಡ. ಮುಂಬೈಯಲ್ಲಿ ಈ ಪರೀಕ್ಷೆ ಮಾಡಿದವರು ಎಸ್ಸೆಸ್ಸೆಲ್ಸಿ ಮಟ್ಟ ಓದಿ ತರಬೇತಿ ಪಡೆದ ಹೆಣ್ಣುಮಕ್ಕಳು. ಅಂದರೆ ನಮ್ಮ ಕೇರಿಯ ಹುಡುಗಿಯರೇ ಮಾಡಬಹುದಾದ ಕೆಲಸ.

ಈಗ ಖಮ್ಮಂಗೆ ಬರೋಣ. 2009ರಲ್ಲಿ ಪಾಥ್ ಅನ್ನೋ ಅಮೆರಿಕದ ಸಂಸ್ಥೆ, ಐಸಿಎಂಆರ್ ಜೊತೆಗೂಡಿ, ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ 10ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿತು. ಎರಡೂ ಕಡೆ ಸೇರಿ ಸುಮಾರು 24,000 ಮಕ್ಕಳು. ಭದ್ರಾಚಲಂ ಕಡೆಯ ಆಶ್ರಮಶಾಲೆ, ಹಾಸ್ಟೆಲುಗಳಲ್ಲಿದ್ದ ಆದಿವಾಸಿ ಮಕ್ಕಳು ಅದರಲ್ಲಿ ಬಹಳ. ಏಳು ಹುಡುಗಿಯರು ತೀರಿಕೊಂಡರು. ಮಹಿಳಾ ಸಂಘಟನೆಗಳು ಹೋಗಿ ವಿಚಾರಿಸಿದವು, ಗಲಾಟೆಯಾಯ್ತು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು.

ನಮ್ಮ ಗ್ರೂಪಿನ ಮೆಸೇಜು ಇಲ್ಲಿಗೆ ನಿಲ್ಲುತ್ತೆ. ಮುಂದಿನದನ್ನೂ ಓದಬೇಕು. ಸರ್ಕಾರ ನೇಮಿಸಿದ ತನಿಖಾ ಸಮಿತಿ ಸಾವುಗಳಿಗೆ ಲಸಿಕೆ ಕಾರಣ ಅಂತ ಕಾಣುತ್ತಿಲ್ಲ ಅಂತು. ಹಾವು ಕಡಿತ, ನೀರಲ್ಲಿ ಮುಳುಗಿದ್ದು, ಕೀಟನಾಶಕ ಕುಡಿದದ್ದು, ಮಲೇರಿಯಾ ಇಂಥ ಕಾರಣಗಳನ್ನು ಪಟ್ಟಿ ಮಾಡಿತು. ಅಲ್ಲಿಂದೀಚೆಗೆ ಜಗತ್ತಿನಾದ್ಯಂತ ಕೋಟಿಗಟ್ಟಲೆ ಹುಡುಗಿಯರಿಗೆ ಈ ಲಸಿಕೆ ಹಾಕಿದ್ದಾರೆ, ಅದು ಸುರಕ್ಷಿತ ಅನ್ನೋದು ಗಟ್ಟಿಯಾಗಿದೆ. ಇದನ್ನು ನಾವು ಒಪ್ಪಬೇಕು.

ಹಾಗಂತ ಖಮ್ಮಂನಲ್ಲಿ ಅನ್ಯಾಯ ಆಗಲಿಲ್ವಾ? ಆಯ್ತು, ದಾಖಲೆ ಸಮೇತ ಆಯ್ತು. ಆಂಧ್ರದ 9,543 ಒಪ್ಪಿಗೆ ಪತ್ರಗಳನ್ನು ಪರಿಶೀಲಿಸಿದಾಗ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು, 1,948ರಲ್ಲಿ ಹೆಬ್ಬೆಟ್ಟು. ಅಪ್ಪ ಅಮ್ಮ ಹೊಲದಲ್ಲಿದ್ದರು, ಮಗಳ ತೋಳಿಗೆ ಸೂಜಿ ಚುಚ್ಚಿದ್ದು ಅವರಿಗೆ ಗೊತ್ತೇ ಇಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಪಾಥ್ ಮತ್ತು ಐಸಿಎಂಆರ್ ಎರಡನ್ನೂ ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಅನಾರ್ಕಾಳ ಒಡೆಯ ಒಪ್ಪಿಗೆ ಕೊಟ್ಟ ಹಾಗೆ ಇಲ್ಲಿ ವಾರ್ಡನ್ ಒಪ್ಪಿಗೆ ಕೊಟ್ಟ. ಲಸಿಕೆ ಒಳ್ಳೆಯದಾಗಿತ್ತು ಅಂದ ಮಾತ್ರಕ್ಕೆ ಆ ಸಹಿ ಸರಿಯಾಗಲ್ಲ. ಇನ್ನೊಂದು ಮಾತು: ಹಾವು, ಮಲೇರಿಯಾ, ಕೀಟನಾಶಕದಿಂದ ಹತ್ತು ಹನ್ನೆರಡು ವರ್ಷದ ಹುಡುಗಿಯರು ಸಾಯೋದು "ಸಾಮಾನ್ಯ ಕಾರಣ" ಅಂತ ಕಡತ ಮುಚ್ಚಿಬಿಟ್ಟರಲ್ಲ, ಆ ಸಾವುಗಳ ಮೇಲೆ ಯಾವ ಸಮಿತಿ ಕೂತಿದೆ?

ಈ ಕಥೆಗೆ ಒಂದು ಬಾಲವೂ ಇದೆ. ಅದೇ ಹೊತ್ತಿಗೆ ಎರಡು ಡೋಸು ಸಾಕಾ ಮೂರು ಬೇಕಾ ಅಂತ ಭಾರತದ ಹಲವು ಕಡೆ ಬೇರೆ ಅಧ್ಯಯನ ನಡೀತಿತ್ತು. ಖಮ್ಮಂ ಗಲಾಟೆಯಿಂದ ಅದೂ ನಡುವೆ ನಿಂತುಹೋಯ್ತು. ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತ್ತು. ಸಂಶೋಧಕರು ಅವರನ್ನು ಹತ್ತು ವರ್ಷ ಗಮನಿಸಿದಾಗ ಒಂದು ಡೋಸೂ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಕೊಡುತ್ತೆ ಅಂತ ಕಂಡುಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನು ಒಪ್ಪಿದ್ದರಲ್ಲಿ ಈ ಹುಡುಗಿಯರ ಪುರಾವೆಗೂ ಪಾಲಿದೆ. ಜಗತ್ತಿನ ಬಡ ದೇಶಗಳ ಲಸಿಕೆ ಖರ್ಚು ಇಳಿದದ್ದು ನಮ್ಮ ಮಕ್ಕಳ ದಯೆಯಿಂದಲೂ ಹೌದು.

ಕರ್ನಾಟಕದ್ದೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಇದೆಲ್ಲ ಬೇರೆಯವರ ಊರಿನ ಕಥೆ ಅನ್ಸುತ್ತೆ. ಕಲಬುರಗಿ ಜಿಲ್ಲೆಯಲ್ಲಿ ಬಿಳಿಮುಟ್ಟು, ಹೊಟ್ಟೆನೋವು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ "ತೆಗೆಸದೆ ಹೋದರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ಗರ್ಭಕೋಶವನ್ನೇ ಕಿತ್ತರು ಅನ್ನೋ ದೂರು 2015ರಲ್ಲಿ ಬಯಲಿಗೆ ಬಂತು. ಅಂಥ ಆಪರೇಷನ್ನುಗಳ ಲೆಕ್ಕ ಎರಡು ಸಾವಿರ ದಾಟಿತ್ತು. ಹಲವರಿಗೆ ಇನ್ನೂ 40 ಕೂಡ ಆಗಿರಲಿಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು ಕೊಟ್ಟ ದುಡ್ಡು ಅದು. ಕರ್ನಾಟಕ ಜನಾರೋಗ್ಯ ಚಳವಳಿ ಅಂಥ ಸಂಘಟನೆಗಳು, ತಾಂಡಾದ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಒಂದು ವಿನೆಗರ್ ಪರೀಕ್ಷೆ ಮಾಡಿದ್ದರೆ ಕ್ಯಾನ್ಸರಿನ ಸುಳಿವು ಇದೆಯೋ ಇಲ್ಲವೋ ಅಲ್ಲೇ ತಿಳೀತಿತ್ತು. ತಪಾಸಣೆ ಇಲ್ಲದ ಕಡೆ ಭಯಕ್ಕೆ ಒಳ್ಳೆ ಮಾರುಕಟ್ಟೆ ಇರುತ್ತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಭಾರತದ 30ರಿಂದ 49 ವರ್ಷದ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು 1.9%. ನೂರಕ್ಕೆ ಇಬ್ಬರೂ ಇಲ್ಲ. ಸಿಮ್ಸ್‌ನ ಕಾಲದಿಂದ ಖಮ್ಮಂವರೆಗೆ ಮೈ ಒಡ್ಡಿದ್ದು ಯಾರು, ಉಪಯೋಗ ಸಿಗದೆ ಉಳಿದದ್ದು ಯಾರು, ನೀವೇ ತಾಳೆ ನೋಡಿ.

ಇದು ನಮ್ಮ ಚಳವಳಿಯ ವಿಷಯವಾ ಅಂತ ಕೇಳುವ ಅಣ್ಣಂದಿರಿಗೆ ಬಾಬಾಸಾಹೇಬರನ್ನ ನೆನಪಿಸ್ತೀನಿ. 1934ರಲ್ಲಿ ಮುಂಬೈಯ ರಘುನಾಥ ಧೋಂಡೊ ಕರ್ವೆ ಅವರ ಮೇಲೆ ಅಶ್ಲೀಲತೆಯ ಕೇಸು ಬಿತ್ತು. ತಪ್ಪೇನು? ತಮ್ಮ ಸಮಾಜಸ್ವಾಸ್ಥ್ಯ ಪತ್ರಿಕೆಯಲ್ಲಿ ಓದುಗರು ಕೇಳಿದ ಲೈಂಗಿಕ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು. ಅವರ ಪರವಾಗಿ ಕೋರ್ಟಿನಲ್ಲಿ ನಿಂತ ವಕೀಲರು ಅಂಬೇಡ್ಕರ್. ಕೇಸು ಸೋತಿತು, ಕರ್ವೆ ದಂಡ ಕಟ್ಟಿದರು. ಆದರೆ ಬಾಬಾಸಾಹೇಬರು ಹಿಂದೆ ಸರಿಯಲಿಲ್ಲ. 1938ರ ನವೆಂಬರ್‌ನಲ್ಲಿ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರ ಗೊತ್ತುವಳಿ ಬಂದಾಗ ಅವರ ಭಾಷಣವನ್ನು ಅವರ ಪಕ್ಷದ ಪಿ.ಜೆ. ರೋಹಮ್ ಸಭೆಯಲ್ಲಿ ಮಂಡಿಸಿದರು. ಅದೂ ಬಿದ್ದುಹೋಯ್ತು. ದೇಶವೆಲ್ಲ ನಾಚಿ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ ಹೆಣ್ಣಿನ ಮೈ, ಹೆರಿಗೆ, ಆರೋಗ್ಯದ ಬಗ್ಗೆ ಅವರು ಬಾಯಿಬಿಟ್ಟು ಮಾತಾಡಿದ್ದರು. ನಾವು ಏಪ್ರಿಲ್ 14ಕ್ಕೆ ಡಿಜೆ ಹಾಕ್ತೀವಿ, ಈ ಮಾತು ಮಾತ್ರ ಎತ್ತಲ್ಲ.

ಹಾಗಾಗಿ ನಾವೇನು ಕೇಳಬೇಕು?

ಒಂದು, 9ರಿಂದ 14 ವರ್ಷದ ಪ್ರತಿ ಹೆಣ್ಣುಮಗುವಿಗೂ ಸರ್ಕಾರವೇ ಉಚಿತವಾಗಿ ಎಚ್‌ಪಿವಿ ಲಸಿಕೆ ಕೊಡಬೇಕು. ಉಳ್ಳವರ ಮಕ್ಕಳು ದುಡ್ಡು ಕೊಟ್ಟು ಹಾಕಿಸಿಕೊಳ್ತಾ ವರ್ಷಗಳೇ ಆದವು. ಹಾಸ್ಟೆಲ್ ಮಕ್ಕಳಾದರೆ ವಾರ್ಡನ್ ಸಹಿ ನಡೆಯಲ್ಲ. ತಂದೆ ತಾಯಿಯನ್ನು ಕರೆಸಿ, ಅವರ ಮಾತಿನಲ್ಲಿ ವಿವರಿಸಿ, ಒಪ್ಪಿಗೆ ಪಡೆಯಬೇಕು. ಹುಡುಗಿಗೂ ಹೇಳಬೇಕು. ಸೂಜಿ ಚುಚ್ಚಿದ ಮೇಲೆ ಜ್ವರ ಬಂದರೆ ಯಾರನ್ನು ಕೇಳಬೇಕು ಅನ್ನೋದು ಬರವಣಿಗೆಯಲ್ಲಿ ಕೈಗೆ ಕೊಡಬೇಕು.

ಎರಡು, 30 ದಾಟಿದ ಎಲ್ಲ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಪಾಸಣೆ. ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತೆ. ಅದು ಕಾಗದದಲ್ಲಿದೆ, ನಮ್ಮ ಊರಿನ ಕೇಂದ್ರದಲ್ಲಿ ಎಷ್ಟು ಜನರಿಗೆ ಆಗಿದೆ ಅಂತ ಆರ್‌ಟಿಐ ಹಾಕಿ ಕೇಳಿ. ಪೌರಕಾರ್ಮಿಕರು, ಕೂಲಿ ಹೆಂಗಸರು, ಮಾಜಿ ದೇವದಾಸಿಯರು, ಎಚ್‌ಐವಿ ಜೊತೆ ಬದುಕುವವರು ಮೊದಲ ಸಾಲಿನಲ್ಲಿರಬೇಕು. ಆ ದಿನದ ಕೂಲಿ ಕಟ್ ಆಗಬಾರದು. ಲಸಿಕೆ ಹಾಕಿಸಿಕೊಂಡವರಿಗೂ ವಯಸ್ಸು ಬಂದಾಗ ತಪಾಸಣೆ ಬೇಕು.

ಮೂರು, ಬೆಳ್ಳಗೆ ಕಂಡ ಜಾಗಕ್ಕೆ ಅಲ್ಲೇ ಚಿಕಿತ್ಸೆ. "ನಿಮಗೆ ಏನೋ ಇದೆ, ಜಿಲ್ಲಾ ಆಸ್ಪತ್ರೆಗೆ ಹೋಗಿ" ಅಂತ ಚೀಟಿ ಕೊಟ್ಟು ಕಳಿಸೋದು ತಪಾಸಣೆ ಅಲ್ಲ. ಗರ್ಭಕೋಶ ತೆಗೀಬೇಕು ಅಂತ ಯಾರಾದರೂ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ ಅಂತ ಪ್ರತಿ ಕೇರಿ, ಪ್ರತಿ ತಾಂಡಾದಲ್ಲಿ ಹೇಳಿ.

ನಾಲ್ಕು, ಇದು ನಮಗೆ ನಾವೇ ಮಾಡಿಕೊಳ್ಳಬೇಕಾದದ್ದು. ಮುಂದಿನ ಜಯಂತಿ ಕಾರ್ಯಕ್ರಮದಲ್ಲಿ ಒಂದು ಗಂಟೆ ಇದಕ್ಕೆ ಕೊಡಿ. ನರ್ಸಮ್ಮನನ್ನ, ಆಶಾ ಅಕ್ಕನನ್ನ ವೇದಿಕೆಗೆ ಕರೀರಿ. ಗಂಡಸರೂ ಕೂತು ಕೇಳಿ.

ಲಸಿಕೆ ಬೇಡ ಅನ್ನುವ ಮೆಸೇಜು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಬೈದು ಅಳಿಸಬೇಡಿ. ಕಳಿಸಿದವರ ಅನುಮಾನಕ್ಕೆ ಕಾರಣ ಇದೆ. ಅದರ ಕೆಳಗೆ ಈ ಬರಹ ಹಾಕಿ. ನಿಮ್ಮ ಅವ್ವನಿಗೆ, ಅಕ್ಕನಿಗೆ, ಹೆಂಡತಿಗೆ 30 ದಾಟಿದ್ದರೆ ಈ ತಿಂಗಳೇ ತಪಾಸಣೆಗೆ ಜೊತೆಯಲ್ಲಿ ಹೋಗಿ.

ಜೈ ಭೀಮ್.